ಹಿಂಗಾರು ಕೈಕೊಟ್ಟ ವರ್ಷದ ಫೆಬ್ರವರಿ

ಜನವರಿ ಮುಗಿಯುತ್ತಾ ಬಂದಂತೆ ಹವಾಮಾನ ವರದಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಆರ್ದ್ರತೆಯ ಅಂಕಿಗೆ. ಬಿಸಿಲು ಎಷ್ಟು ಡಿಗ್ರಿ ಎಂಬುದು ಆಮೇಲಿನ ಮಾತು. ಮಧ್ಯಾಹ್ನ ಎರಡರ ಹೊತ್ತಿಗೆ ಆರ್ದ್ರತೆ 20%ಕ್ಕಿಂತ ಕೆಳಗಿಳಿದಿದೆ, ಮೂಡಣ ಗಾಳಿ ಬೀಸುತ್ತಿದೆ, ಎರಡು ತಿಂಗಳಿಂದ ಒಂದು ಹನಿಯೂ ಬಿದ್ದಿಲ್ಲ ಎಂದಾದರೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ ಕಡೆ ಕಾಡು ಕಾಯುವವರಿಗೆ ಅಂದು ನೆಮ್ಮದಿಯ ಊಟವಿಲ್ಲ. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು.

ಕಾಡ್ಗಿಚ್ಚಿನ ಕಾಲ ಫೆಬ್ರವರಿಯಲ್ಲಿ ಶುರುವಾಗುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ಪತ್ರಿಕೆಗಳಲ್ಲಿ ಸುದ್ದಿ ಬರುವುದೂ ಆಗಲೇ. ಆದರೆ ಆ ವರ್ಷ ಎಷ್ಟು ಉರಿಯಬೇಕು ಎಂಬುದರ ಬಹುಪಾಲು ಅಕ್ಟೋಬರಿನಿಂದ ಜನವರಿಯೊಳಗೆ ತೀರ್ಮಾನವಾಗಿರುತ್ತದೆ. ಹಿಂಗಾರು ಎಷ್ಟು ಸುರಿಯಿತು, ಬೆಂಕಿ ಹರಡದಂತೆ ತಡೆಯುವ ಖಾಲಿ ಪಟ್ಟಿಗಳಾದ ಬೆಂಕಿ ರೇಖೆಗಳನ್ನು ಯಾವಾಗ ಸವರಿ ಸುಟ್ಟರು, ಬೆಂಕಿ ಕಾಯುವ ಹಂಗಾಮಿ ಫೈರ್ ವಾಚರ್‌ಗಳನ್ನು ಯಾವ ತಿಂಗಳು ಕೆಲಸಕ್ಕೆ ತೆಗೆದುಕೊಂಡರು, ಹಿಂದಿನ ವರ್ಷದ ಕೂಲಿ ಅವರ ಕೈಸೇರಿತೇ. ಹೆಲಿಕಾಪ್ಟರ್ ನೀರು ಸುರಿಯುವ ಚಿತ್ರದಷ್ಟು ಇವು ಕಣ್ಣಿಗೆ ಕಟ್ಟುವುದಿಲ್ಲ, ಹಾಗಾಗಿ ಸುದ್ದಿಯಾಗುವುದೂ ಇಲ್ಲ.

2018–19ನ್ನೇ ತೆಗೆದುಕೊಳ್ಳಿ. 2018ರ ಮುಂಗಾರು ಕೊಡಗಿನಲ್ಲಿ ಬೆಟ್ಟಗಳೇ ಕುಸಿಯುವಷ್ಟು ಸುರಿಯಿತು. ಆ ಆಗಸ್ಟನ್ನು ಮರೆಯುವುದು ಕಷ್ಟ. ಕಾಡಿನೊಳಗೆ ಹುಲ್ಲು, ಹೊರಗಿನಿಂದ ಬಂದು ಹಬ್ಬಿದ ಲಂಟಾನ ಕಳೆ, ಪೊದೆ ಎಲ್ಲವೂ ಸೊಕ್ಕಿ ಬೆಳೆದವು. ಆಮೇಲೆ ಹಿಂಗಾರು ಕೈಕೊಟ್ಟಿತು. ಬೆಳೆಯುವಾಗ ಯಥೇಚ್ಛ ನೀರು, ಒಣಗುವಾಗ ಒಂದೂ ಅಡ್ಡ ಮಳೆಯಿಲ್ಲ. ಬೆಂಕಿಗೆ ಬೇಕಾದ ಸೌದೆ ಒಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಬರಗಾಲದ ವರ್ಷವೇ ಬೆಂಕಿಯ ವರ್ಷ ಎಂದು ಎಷ್ಟೋ ಜನ ನಂಬಿದ್ದಾರೆ. ಆದರೆ ಬೇಸಾಯಕ್ಕೆ ಬರ ಬಿದ್ದಾಗ ಕಾಡಿನಲ್ಲಿ ಹುಲ್ಲೂ ಕಮ್ಮಿಯೇ. ಚೆನ್ನಾಗಿ ಮಳೆ ಬಂದು, ಆಮೇಲೆ ಥಟ್ಟನೆ ನಿಂತುಹೋದ ವರ್ಷವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

2019ರ ಫೆಬ್ರವರಿ 21ರ ಸುಮಾರಿಗೆ ಬಂಡೀಪುರದಲ್ಲಿ ಬೆಂಕಿ ಎದ್ದಿತು. ಗೋಪಾಲಸ್ವಾಮಿ ಬೆಟ್ಟದ ವಲಯದಲ್ಲಿ, ಕುಂದಕೆರೆ ವಲಯದಲ್ಲಿ, ಒಂದು ಕಡೆ ತಣ್ಣಗಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಕಡೆ. ಫೆಬ್ರವರಿ 25ಕ್ಕೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಾಂಬಿ ಬಕೆಟ್ ಎಂಬ ದೊಡ್ಡ ನೀರಿನ ಚೀಲ ನೇತುಹಾಕಿಕೊಂಡು ಬಂದು ನೀರು ಸುರಿದವು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ನೋಡಿ ಕೊಟ್ಟ ಲೆಕ್ಕದಲ್ಲಿ ಸುಟ್ಟದ್ದು 10,920 ಎಕರೆ.

ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. ವಾಹನ ನಿಲ್ಲಿಸಲು ಬಿಟ್ಟಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಎರಡನ್ನೂ ಬೇರೆ ಬೇರೆ ಸುದ್ದಿಯಾಗಿ ಓದಿ ಮುಗಿಸಿದೆವು. ಒಂದು ಕಾಡಿನದು, ಇನ್ನೊಂದು ನಗರದ್ದು. ಹುಲ್ಲಿಗೆ ಆ ವ್ಯತ್ಯಾಸ ಗೊತ್ತಿಲ್ಲ. ದಕ್ಷಿಣ ಕರ್ನಾಟಕದ ಮೇಲೆಲ್ಲ ಆ ದಿನಗಳಲ್ಲಿ ಬೀಸುತ್ತಿದ್ದದ್ದು ಒಣಗಾಳಿ. ಆ ವಾರ ಬೆಂಕಿಯ ಹವೆ ಇದೆ ಎಂದು ಮೊದಲೇ ಸಾರಿದ್ದರೆ ಎರಡೂ ಕಡೆ ಒಂದಿಷ್ಟು ಜನ ಎಚ್ಚರವಾಗಿರುತ್ತಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಬೆಂಕಿಯ ಹವೆ ಎಂದರೇನು ಎಂಬುದನ್ನು ತಿಳಿಯಲು ಯಂತ್ರ ಬೇಕಿಲ್ಲ. ಫೆಬ್ರವರಿಯ ಬೆಳಗಿನ ಜಾವ ಕಾಡಂಚಿನಲ್ಲಿ ಒಂದು ಹಿಡಿ ತರಗೆಲೆ ಕೈಗೆ ತೆಗೆದುಕೊಂಡು ಹಿಸುಕಿ ನೋಡಿ. ಇಬ್ಬನಿ ಕುಡಿದ ಎಲೆ ಮೆತ್ತಗೆ ಮಡಚಿಕೊಳ್ಳುತ್ತದೆ, ಸದ್ದಿಲ್ಲ. ಅದೇ ಜಾಗದ ಅದೇ ಎಲೆಯನ್ನು ಮಧ್ಯಾಹ್ನ ಎರಡಕ್ಕೆ ಹಿಸುಕಿದರೆ ಹಪ್ಪಳದ ಹಾಗೆ ಮುರಿದು ಪುಡಿಯಾಗುತ್ತದೆ. ಸತ್ತ ಎಲೆಗೂ ಹುಲ್ಲಿಗೂ ಬೇರಿನ ಆಸರೆ ಇಲ್ಲ. ಗಾಳಿಯಲ್ಲಿ ತೇವ ಇದ್ದರೆ ಹೀರಿಕೊಳ್ಳುತ್ತವೆ, ಇಲ್ಲದಿದ್ದರೆ ಬಿಟ್ಟುಕೊಡುತ್ತವೆ. ಪೆನ್ಸಿಲ್ಲಿಗಿಂತ ಸಣ್ಣಗಿರುವ ಪುರಳೆ, ಹುಲ್ಲು, ಎಲೆ ಇವೆಲ್ಲ ಗಂಟೆಯೊಳಗೆ ಗಾಳಿಯ ಹದಕ್ಕೆ ಬಂದುಬಿಡುತ್ತವೆ. ಅದಕ್ಕೇ ಬೆಂಕಿ ವಿಜ್ಞಾನದವರು ಅವನ್ನು ಒಂದು ಗಂಟೆಯ ಸೌದೆ ಎಂದು ಕರೆಯುತ್ತಾರೆ. ಹೆಬ್ಬೆರಳು ಗಾತ್ರದ ಕೊಂಬೆಗೆ ಹತ್ತು ಗಂಟೆ, ತೋಳುಗಾತ್ರದ್ದಕ್ಕೆ ನೂರು, ದಿಮ್ಮಿಗೆ ಸಾವಿರ.

ತರಗೆಲೆಯೊಳಗಿನ ತೇವ 25–30% ದಾಟಿದ್ದರೆ ಕಡ್ಡಿ ಗೀರಿದರೂ ಬೆಂಕಿ ಮುಂದಕ್ಕೆ ಹರಿಯಲು ಒದ್ದಾಡುತ್ತದೆ. 5%ರ ಆಸುಪಾಸಿಗೆ ಇಳಿದರೆ ಕಿಡಿ ಬಿದ್ದಲ್ಲೆಲ್ಲ ಹೊಸ ಬೆಂಕಿ. ಅಂದರೆ ಒಂದೇ ದಿನದಲ್ಲಿ ಕಾಡು ಹತ್ತದ ಸ್ಥಿತಿಯಿಂದ ಹತ್ತಿ ಉರಿಯುವ ಸ್ಥಿತಿಗೆ ಹೋಗಿ, ರಾತ್ರಿ ಮತ್ತೆ ಅರ್ಧಂಬರ್ಧ ಮರಳುತ್ತದೆ. ಇಡೀ ಬೇಸಿಗೆ ನಡೆಯುವುದು ಇದೇ. ಈ ಲಯ ಗೊತ್ತಿದ್ದವರು ಬೆಳಿಗ್ಗೆ ಬೆಂಕಿಯ ಕೆಲಸ ಮಾಡಿ, ಮಧ್ಯಾಹ್ನ ಎತ್ತರದ ಜಾಗದಲ್ಲಿ ಕೂತು ಹೊಗೆ ಹುಡುಕುತ್ತಾರೆ.

ಇಳಿಜಾರಿನ ಲೆಕ್ಕ ಇನ್ನೂ ನಿರ್ದಯವಾದದ್ದು. ಏರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. 20 ಡಿಗ್ರಿ ಏರಿನಲ್ಲಿ ನಾಲ್ಕು ಪಟ್ಟು. ಜ್ವಾಲೆ ಮೇಲಿನ ಹುಲ್ಲಿನ ಕಡೆಗೆ ಬಾಗುತ್ತದೆ, ಮುಟ್ಟುವ ಮುಂಚೆಯೇ ಒಣಗಿಸಿಬಿಡುತ್ತದೆ. ಮನುಷ್ಯನ ವೇಗವೋ, ಏರಿದಷ್ಟೂ ಇಳಿಯುತ್ತದೆ. 2018ರ ಮಾರ್ಚ್ 11ರಂದು ಪಕ್ಕದ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಸಿಕ್ಕಿಬಿದ್ದದ್ದು ಇಂಥ ಹುಲ್ಲಿನ ಇಳಿಜಾರಿನಲ್ಲೇ. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಫೆಬ್ರವರಿ, ಮಾರ್ಚಿನಲ್ಲಿ ಒಣಹುಲ್ಲಿನ ಬೆಟ್ಟ ಹತ್ತಲು ಹೊರಟವರನ್ನು ಕಂಡರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ.

ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ನಮ್ಮ ಕಾಡುಗಳ ಬೆಂಕಿ ಹೆಚ್ಚುಕಮ್ಮಿ ಪೂರ್ತಿ ಮನುಷ್ಯರ ಕೈಯಿಂದಲೇ ಬಂದದ್ದು. ದನಗಳಿಗೆ ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುವವರಿದ್ದಾರೆ. ಉದುರಿದ ಜಿಂಕೆ ಕೊಂಬು ಕಣ್ಣಿಗೆ ಬೀಳಲಿ ಎಂದು ಹಚ್ಚುವವರಿದ್ದಾರೆ. ಅರಣ್ಯ ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚುವವರೂ ಇದ್ದಾರೆ. ಹೊಲದ ಕಸಕ್ಕೆ ಇಟ್ಟ ಬೆಂಕಿ ಅಂಚು ದಾಟಿ ಹೋದದ್ದೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ. ಕಾನೂನು ಸರಿಯಾಗಿಯೇ ಇದೆ. ಆದರೆ ಆನೆ ಬೆಳೆ ತಿಂದು ಪರಿಹಾರ ಬರದೆ ಕೂತ ರೈತನಿಗೂ ಕಾಡಿಗೂ ನಡುವೆ ಸಂಬಂಧ ಕೆಟ್ಟಿದ್ದರೆ ಕಲಂ ತೋರಿಸಿ ಬೆಂಕಿ ನಿಲ್ಲಿಸುವುದು ಆಗದ ಮಾತು. ಬೆಂಕಿ ಕಂಡ ಕೂಡಲೇ ಫೋನ್ ಮಾಡುವವನೂ ಅದೇ ಊರಿನವನೇ ಆಗಿರಬೇಕಲ್ಲ?

ಇನ್ನು ಬೆಂಕಿ ರೇಖೆಯ ವಿಚಾರ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಸಿದ್ಧತೆ ಎಂಬುದರ ತಿರುಳು ಇಲ್ಲಿದೆ.

ರಸ್ತೆಯ ಇಕ್ಕೆಲ, ವಲಯಗಳ ಗಡಿ, ಊರಂಚು, ಹೀಗೆ ಗೆರೆ ಎಳೆದಂತೆ ಒಂದು ಪಟ್ಟಿಯಷ್ಟು ಜಾಗದ ಹುಲ್ಲು ಪೊದೆ ಸವರಿ, ಅದು ಒಣಗಿದ ಮೇಲೆ ಹತೋಟಿಯಲ್ಲಿ ಸುಡುತ್ತಾರೆ. ಆಮೇಲೆ ದೊಡ್ಡ ಬೆಂಕಿ ಬಂದಾಗ ತಿನ್ನಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹೇಳಲು ಸುಲಭ. ಮಾಡುವುದನ್ನು ನಿಂತು ನೋಡಿದರೆ ಗೊತ್ತಾಗುತ್ತದೆ ಅದೆಷ್ಟು ನಾಜೂಕಿನ ಕೆಲಸ ಎಂದು. ಇಬ್ಬನಿ ಪೂರ್ತಿ ಆರಿರಬಾರದು, ಆರದೆಯೂ ಇರಬಾರದು. ಗಾಳಿಗೆ ಎದುರಾಗಿ ಹಚ್ಚುತ್ತಾರೆ, ಬೆಂಕಿ ಹಿಂದಕ್ಕೆ ತೆವಳುತ್ತ ನಿಧಾನವಾಗಿ ತಿನ್ನಲಿ ಎಂದು. ಎರಡೂ ಅಂಚಿನಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದವರು ಸಾಲಾಗಿ ನಡೆಯುತ್ತಾರೆ. ಅಂಚು ದಾಟಲು ನೋಡಿದ ಜ್ವಾಲೆಯ ಮೇಲೆ ಕೊಂಬೆಯನ್ನು ಒತ್ತಿ, ಒಳಗಿನ ಕಡೆಗೆ ಎಳೆಯುತ್ತಾರೆ. ಹೊಸಬರು ಕೊಂಬೆ ಎತ್ತಿ ಎತ್ತಿ ಬಡಿಯುತ್ತಾರೆ, ಪ್ರತಿ ಏಟಿಗೂ ಕಿಡಿ ಹಾರಿ ಹಿಂದಿನ ಹುಲ್ಲಿಗೆ ಬೀಳುತ್ತದೆ. ಅನುಭವಸ್ಥರ ಕೊಂಬೆ ಮೊಣಕಾಲಿಗಿಂತ ಮೇಲೆ ಏಳುವುದೇ ಇಲ್ಲ. ಬಿಸಿಲು ಏರಿ ಗಾಳಿ ದಿಕ್ಕು ತಪ್ಪಿತೆಂದರೆ ಆ ದಿನದ ಕೆಲಸ ಅಲ್ಲಿಗೆ ನಿಂತಿತು.

ಹಾಗಾಗಿ ಒಂದು ದಿನಕ್ಕೆ ಸಿಗುವ ಹೊತ್ತು ಕಡಿಮೆ, ಸುಡಬಹುದಾದ ದಿನಗಳೂ ಕಡಿಮೆ. ಡಿಸೆಂಬರಿನಲ್ಲಿ ಹುಲ್ಲು ಇನ್ನೂ ಹಸಿ, ಫೆಬ್ರವರಿಗೆ ಕಾಯುತ್ತ ಕೂತರೆ ರೇಖೆ ಸುಡಲು ಹೋಗಿ ಕಾಡೇ ಸುಡುತ್ತದೆ. ನಡುವೆ ಉಳಿಯುವ ಕೆಲವೇ ವಾರಗಳಲ್ಲಿ ನೂರಾರು ಕಿಲೋಮೀಟರ್ ರೇಖೆ ಮುಗಿಯಬೇಕು. ಅನುದಾನ ಬಿಡುಗಡೆ ತಡವಾದರೆ, ಕೂಲಿಯವರ ಆದೇಶ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರೆ ಆ ವಾರಗಳು ಮತ್ತೆ ಬರುವುದಿಲ್ಲ. ಹಣದ ಮೊತ್ತಕ್ಕಿಂತ ಅದು ಕೈಗೆ ಬಂದ ತಾರೀಖು ಮುಖ್ಯವಾಗುವ ಇಂಥ ಕೆಲಸಗಳು ಸರ್ಕಾರದಲ್ಲಿ ಬಹಳ ಇರಲಾರವು.

ಈಚೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್‌ಗಳು ಬಂದಿವೆ. ತರಗೆಲೆಯನ್ನು ಗಾಳಿಯಿಂದಲೇ ಪಕ್ಕಕ್ಕೆ ತಳ್ಳಿ, ಬರೀ ಮಣ್ಣು ಕಾಣುವ ದಾರಿ ಮಾಡುತ್ತವೆ. ಎಲೆ ಉದುರುವ ಕಾಡಿನಲ್ಲಿ ಇದು ನಿಜಕ್ಕೂ ಉಪಕಾರ, ಏಕೆಂದರೆ ಜನವರಿಯಲ್ಲಿ ಸುಟ್ಟ ರೇಖೆಯ ಮೇಲೆ ಮಾರ್ಚಿನೊಳಗೆ ಮತ್ತೆ ಎಲೆ ಉದುರಿ ಹಾಸಿಗೆಯಾಗಿರುತ್ತದೆ. ಒಮ್ಮೆ ಮಾಡಿ ಕಡತ ಮುಚ್ಚುವ ಕೆಲಸ ಇದಲ್ಲ.

ಬೆಂಕಿ ಕಾಣುವ ವ್ಯವಸ್ಥೆ ಮಾತ್ರ ಬಹಳ ಸುಧಾರಿಸಿದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ಮೋಡಿಸ್ ಸಂವೇದಕದ ಮಾಹಿತಿ ಬಳಸಿ ಎಚ್ಚರಿಕೆ ಕಳಿಸುತ್ತ ಬಂದಿದೆ. ಆಮೇಲೆ ಇನ್ನೂ ಸೂಕ್ಷ್ಮವಾಗಿ ನೋಡುವ ಇನ್ನೊಂದು ಸಂವೇದಕ ವಿಐಐಆರ್‌ಎಸ್ ಸೇರಿಕೊಂಡಿತು. ಮೋಡಿಸ್‌ನ ಒಂದು ಚುಕ್ಕೆ ಎಂದರೆ ಒಂದು ಕಿಲೋಮೀಟರ್, ವಿಐಐಆರ್‌ಎಸ್‌ನದು 375 ಮೀಟರ್. ಫೋನಿಗೇ ಎಸ್‌ಎಂಎಸ್ ಬರುತ್ತದೆ. ಇದನ್ನು ಮೆಚ್ಚಲೇಬೇಕು. ಆದರೂ ಉಪಗ್ರಹ ದಿನವಿಡೀ ತಲೆಯ ಮೇಲೆ ನಿಂತಿರುವುದಿಲ್ಲ. ವಿಐಐಆರ್‌ಎಸ್ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಮತ್ತೆ ಮಧ್ಯರಾತ್ರಿ ಕಳೆದು ಒಂದೂವರೆಗೆ. ಮೂರು ಗಂಟೆಗೆ ಹಚ್ಚಿದ ಬೆಂಕಿಗೆ ಇಡೀ ಸಂಜೆ ಬಿಡುವು ಸಿಕ್ಕಿತು. ಮರದ ಕೆಳಗೆ ತೆವಳುವ ಸಣ್ಣ ನೆಲಬೆಂಕಿ ಎಷ್ಟೋ ಸಲ ಅದರ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಕಾಡಿನ ಬೆಂಕಿ ಹೆಚ್ಚಾಗಿ ನೆಲಬೆಂಕಿಯೇ. ಹಾಗಾಗಿ ಕಾವಲು ಗೋಪುರದ ಮೇಲೆ ಕೂತವನ ಕಣ್ಣು ಇವತ್ತಿಗೂ ಬೇಕು.

ಹೆಲಿಕಾಪ್ಟರ್ ಬಗ್ಗೆಯೂ ಇಷ್ಟೇ. ಬೇಕಾದಾಗ ಅದು ಬರಬೇಕು, ಬೇಗ ಬರಬೇಕು. ಆದರೆ ಮೇಲಿಂದ ಸುರಿದ ನೀರು ಜ್ವಾಲೆಯನ್ನು ತಗ್ಗಿಸುತ್ತದೆ ಅಷ್ಟೆ, ಬೆಂಕಿಯ ಬುಡ ಉಳಿದಿರುತ್ತದೆ. ಟೊಳ್ಳು ಮರದ ಹೊಟ್ಟೆಯಲ್ಲಿ, ಬಿದ್ದ ದಿಮ್ಮಿಯ ಕೆಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಗಾಳಿ ಎದ್ದ ಮಧ್ಯಾಹ್ನ ಕೆಂಡ ಉರುಳಿ ಇಳಿಜಾರಿನ ಕೆಳಗೆ ಹೊಸ ಹುಲ್ಲು ಮುಟ್ಟುತ್ತದೆ. ಆರಿತು ಎಂದು ಎಲ್ಲರೂ ಮನೆಗೆ ಹೋದ ಮರುದಿನ ಅದೇ ಜಾಗದಿಂದ ಬೆಂಕಿ ಎದ್ದಿದ್ದರೆ ಯಾರೂ ಮತ್ತೆ ಬಂದು ಹಚ್ಚಿರಬೇಕಾಗಿಲ್ಲ. ಸುಟ್ಟ ಜಾಗವನ್ನು ಮಣ್ಣೆಳೆದು, ದಿಮ್ಮಿ ಹೊರಳಿಸಿ, ಬರಿಗೈ ಹಿಂಭಾಗ ಬೂದಿಯ ಹತ್ತಿರ ಹಿಡಿದು ಬಿಸಿ ನೋಡುತ್ತ ಸುತ್ತುವವರು ಬೇಕು. ಇದು ಮೈಮುರಿಯುವ, ಯಾರೂ ಫೋಟೊ ತೆಗೆಯದ ಕೆಲಸ.

ಈ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಕಾಡಂಚಿನ ಹಾಡಿಗಳ ಜೇನುಕುರುಬರು, ಸೋಲಿಗರು, ಪಕ್ಕದ ಊರುಗಳ ಕೂಲಿಯವರು. ಹಂಗಾಮಿಗೆಂದು ತೆಗೆದುಕೊಂಡು ಮಳೆ ಬಿದ್ದ ಮೇಲೆ ಕಳಿಸಿಬಿಡುವ ನೇಮಕ. ಯಾವ ಹಳ್ಳದಲ್ಲಿ ಗಾಳಿ ತಿರುಗುತ್ತದೆ, ಯಾವ ದಿಣ್ಣೆಯ ಹುಲ್ಲು ಮೊದಲು ಒಣಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಅವರ ಕಾಲಲ್ಲಿ ಎಂಥ ಚಪ್ಪಲಿ ಇರುತ್ತದೆ, ಮೈಮೇಲೆ ಎಂಥ ಬಟ್ಟೆ ಇರುತ್ತದೆ ಎಂದು ಒಮ್ಮೆ ಗಮನಿಸಿ. ಪಾಲಿಯೆಸ್ಟರ್ ಅಂಗಿ ಬೆಂಕಿಯ ಕಾವಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿಯ ಅಂಗಿ, ಗಟ್ಟಿ ಬೂಟು, ಕೈಗವಸು, ಬೆನ್ನ ಮೇಲೆ ನೀರು, ಮಾತಾಡಲು ವಾಕಿಟಾಕಿ. ಇವುಗಳಲ್ಲಿ ಯಾವುದೂ ದುಬಾರಿ ತಂತ್ರಜ್ಞಾನವಲ್ಲ.

2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಇನ್ನೊಬ್ಬರು. ಇಬ್ಬರೂ ಕೆಲಸದ ಮೇಲಿದ್ದವರು. ಬೆಂಕಿಯ ತಲೆಗೆ ಎದುರಾಗಿ ನಿಲ್ಲಬೇಡಿ, ಹಿಂದಿನಿಂದ ಇಕ್ಕೆಲ ಹಿಡಿದು ಬನ್ನಿ, ಓಡಬೇಕಾದರೆ ಸುಟ್ಟು ಕರಿಯಾದ ಜಾಗಕ್ಕೆ ಓಡಿ, ಬೆಟ್ಟದ ಮೇಲಕ್ಕೆ ಓಡಬೇಡಿ. ಜಗತ್ತಿನ ಎಲ್ಲ ಕಡೆ ಬೆಂಕಿ ಆರಿಸುವವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ನಮ್ಮಲ್ಲಿ ದಿನಗೂಲಿಗೆ ಬಂದ ಪ್ರತಿಯೊಬ್ಬ ಹುಡುಗನಿಗೂ ಕೊಂಬೆ ಕೈಗೆ ಕೊಡುವ ಮೊದಲು ಯಾರಾದರೂ ಇದನ್ನು ಕನ್ನಡದಲ್ಲಿ, ನಿಧಾನವಾಗಿ, ಸ್ಥಳದಲ್ಲೇ ನಿಂತು ಹೇಳಿಕೊಡಬೇಕು. ಒಳ್ಳೆಯ ಮನಸ್ಸಿನಿಂದ ನಗರದಿಂದ ಓಡಿಬರುವ ಸ್ವಯಂಸೇವಕರಿಗೂ ಇದೇ ಮಾತು. ತರಬೇತಿಯಿಲ್ಲದೆ ಬೆಂಕಿಯ ಮುಂದೆ ನಿಂತವನನ್ನು ಕಾಯಲು ತರಬೇತಿ ಇದ್ದವನೊಬ್ಬ ಕೆಲಸ ಬಿಟ್ಟು ನಿಲ್ಲಬೇಕಾಗುತ್ತದೆ.

ಒಂದು ಕಷ್ಟದ ವಿಷಯ ಬಾಕಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಮೊದಲಲ್ಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ತರಗು ಬೆಂಕಿ ಹಾಕುತ್ತಿದ್ದರು. ತೆಳ್ಳಗೆ ಉದುರಿದ ಎಲೆಯನ್ನಷ್ಟೇ ತಿಂದು ಹೋಗುವ ತಣ್ಣನೆಯ ಬೆಂಕಿ. ವನ್ಯಧಾಮವಾದ ಮೇಲೆ ಅದು ನಿಂತಿತು. ಆಮೇಲೆಯೇ ಲಂಟಾನ ಮುಸುಕಿಕೊಂಡಿತು, ನೆಲ್ಲಿ ಮರಗಳಿಗೆ ಬಂದಳಿಕೆ ಎಂಬ ಪರಾವಲಂಬಿ ಗಿಡದ ಕಾಟ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ, ಸಂಶೋಧಕರು ಅದನ್ನು ದಾಖಲಿಸಿಯೂ ಇದ್ದಾರೆ. ಅವರ ಮಾತು ನನಗೆ ಒಪ್ಪಿಗೆ. ಆದರೆ ನಾಳೆಯಿಂದಲೇ ಮತ್ತೆ ತರಗು ಬೆಂಕಿ ಶುರುಮಾಡೋಣ ಎನ್ನಲು ಧೈರ್ಯ ಸಾಲದು. ಅಂದಿನ ಬೆಂಕಿ ಹರಿದದ್ದು ಎಲೆ, ಹುಲ್ಲಿನ ಮೇಲೆ. ಇಂದು ಅದೇ ಜಾಗದಲ್ಲಿ ಆಳೆತ್ತರದ ಲಂಟಾನ ನಿಂತಿದೆ. ನೆಲದಲ್ಲಿ ಹೊರಟ ಬೆಂಕಿ ಅದರ ಒಣಕಡ್ಡಿಗಳನ್ನು ಹಿಡಿದು ಮರದ ಕೊಂಬೆಯವರೆಗೆ ಏರಿಬಿಡುತ್ತದೆ. ತಣ್ಣನೆಯ ಬೆಂಕಿಗೆ ಜಾಗವೇ ಉಳಿದಿಲ್ಲ. ಮೊದಲು ಲಂಟಾನ ಬೇರುಸಮೇತ ಕಿತ್ತು, ಹುಲ್ಲು ಮರಳಿ ಬಂದ ಸಣ್ಣ ಸಣ್ಣ ತುಂಡುಗಳಲ್ಲಿ, ಸೋಲಿಗರ ಕೈಯಲ್ಲೇ, ಇಲಾಖೆಯವರ ಜೊತೆಯಲ್ಲಿ ಮಾಡಿ ನೋಡಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಇವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದೂ, ಹಳೆಯದೆಲ್ಲ ಸರಿ ಎಂದು ಕಣ್ಮುಚ್ಚಿ ಹಚ್ಚುವುದೂ ಕಾಡಿಗೆ ಒಳ್ಳೆಯದು ಮಾಡುವುದಿಲ್ಲ.

ಅಷ್ಟರವರೆಗೆ ಆಗಬಹುದಾದ ಒಂದು ಕೆಲಸ ಕಣ್ಣೆದುರೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳಲ್ಲಿ ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ದಾಖಲಾಗುತ್ತಿರುತ್ತವೆ. ಕೆನಡಾದವರು ದಶಕಗಳಿಂದ ಬಳಸುತ್ತಿರುವ, ಆಮೇಲೆ ಎಷ್ಟೋ ದೇಶಗಳು ಅಳವಡಿಸಿಕೊಂಡ ಬೆಂಕಿ ಹವಾಮಾನ ಸೂಚ್ಯಂಕಕ್ಕೆ ಬೇಕಾದ್ದು ಇಷ್ಟೇ: ನಡುಮಧ್ಯಾಹ್ನದ ಉಷ್ಣಾಂಶ, ಆರ್ದ್ರತೆ, ಗಾಳಿ, ಹಿಂದಿನ 24 ಗಂಟೆಯ ಮಳೆ. ನಾಲ್ಕೂ ನಮ್ಮಲ್ಲಿವೆ. ಕರಾವಳಿಗೆ ಮಳೆಯ ಆರೆಂಜ್ ಅಲರ್ಟ್ ಬಂದರೆ ಶಾಲೆಗೆ ರಜೆ ಕೊಡುತ್ತೇವೆ, ಮೀನುಗಾರರು ದೋಣಿ ಇಳಿಸುವುದಿಲ್ಲ. ಗುಂಡ್ಲುಪೇಟೆಗೆ, ಹೆಗ್ಗಡದೇವನಕೋಟೆಗೆ, ಮೂಡಿಗೆರೆಗೆ ಫೆಬ್ರವರಿಯ ಬೆಳಿಗ್ಗೆ ಹಾಗೆಯೇ ಬೆಂಕಿಯ ಎಚ್ಚರಿಕೆ ಬರಲಿ. ಇವತ್ತು ಹೊಲದ ಕಸ ಸುಡಬೇಡಿ, ಬೆಟ್ಟ ಹತ್ತಬೇಡಿ, ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಸಿಗರೇಟು ಹಚ್ಚಬೇಡಿ ಎಂದು ಪಂಚಾಯಿತಿಯ ಮೈಕಿನಲ್ಲಿ ಕೂಗಲಿ. ಕಾವಲಿನವರನ್ನು ಅಂದು ಇಮ್ಮಡಿ ಮಾಡಲಿ, ಅಪಾಯ ಕಡಿಮೆಯಿದ್ದ ದಿನ ಅವರಿಗೆ ವಿಶ್ರಾಂತಿ ಸಿಗಲಿ. ಮೂರು ತಿಂಗಳು ಒಂದೇ ಸಮ ಎಚ್ಚರವಾಗಿರಿ ಎಂದರೆ ಯಾವ ಮನುಷ್ಯನಿಂದಲೂ ಆಗುವುದಿಲ್ಲ.

ಹಿಂಗಾರು ಕೈಕೊಟ್ಟ ಕಡೆಗಳ ಪಟ್ಟಿ ಮಳೆಯ ಲೆಕ್ಕದಿಂದ ತಯಾರಾಗುತ್ತದೆ. ಬೆಳೆ ಪರಿಹಾರಕ್ಕೆ ಆ ಪಟ್ಟಿ ಹೋಗುತ್ತದೆ, ಹೋಗಲೇಬೇಕು. ಅದರ ಒಂದು ಪ್ರತಿ ಆಯಾ ವಲಯ ಅರಣ್ಯಾಧಿಕಾರಿಯ ಮೇಜಿಗೂ ಹೋಗಲಿ, ಜೊತೆಯಲ್ಲೇ ಬೆಂಕಿ ರೇಖೆಯ ಹಣವೂ ವಾಚರ್‌ಗಳ ನೇಮಕದ ಆದೇಶವೂ ಹೋಗಲಿ. ಅಶ್ವಿನಿ ಮಳೆ ಬಿದ್ದು ನೆಲ ನೆನೆಯುವವರೆಗೂ ಅವರ ಕೂಲಿ ತಿಂಗಳು ತಿಂಗಳು ಖಾತೆಗೆ ಬೀಳಲಿ.